ಹೊಸ ಫೋನಿನಲ್ಲಿ ಎಫ್‌ಎಂ ರೇಡಿಯೋ ಹಿಡಿಯುವುದಿಲ್ಲವೇ?

ಪ್ರಶ್ನೆ:
ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ದೂರದ ತೋಟದಲ್ಲಿದೆ. ನಮ್ಮ ತಂದೆಯವರು ಹಳೆಯ ಕೀಪ್ಯಾಡ್ ಫೋನನ್ನು ಜೇಬಿನಲ್ಲಿಟ್ಟುಕೊಂಡು, 103.1ರಲ್ಲಿ ಮಡಿಕೇರಿ ಆಕಾಶವಾಣಿ ಕೇಳುತ್ತಲೇ ಕೆಲಸ ಮಾಡುತ್ತಿದ್ದರು. ಈಗ ಕೊಡಿಸಿದ ಸ್ಮಾರ್ಟ್‌ಫೋನಿನಲ್ಲಿ ಎಫ್‌ಎಂ ಆ್ಯಪ್ ಇದ್ದರೂ, ತೆರೆದ ಕೂಡಲೇ ಇಯರ್‌ಫೋನ್ ಸಿಕ್ಕಿಸಲು ಹೇಳುತ್ತದೆ. ಬ್ಲೂಟೂತ್ ಇಯರ್‌ಫೋನ್ ಜೋಡಿಸಿದರೂ ಅದೇ ಸೂಚನೆ. ಇಂಟರ್ನೆಟ್ ಮೂಲಕ ಕೇಳೋಣವೆಂದರೆ, ಮಳೆಗಾಲದಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಕೂಡ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗಿನ ಆತಂಕ ಮನೆಯವರಲ್ಲಿ ಇನ್ನೂ ಇರುವುದರಿಂದ ರೇಡಿಯೋ ನಮಗೆ ನಿಜವಾಗಿಯೂ ಬೇಕು. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಆ್ಯಪ್ ಕೇಳುತ್ತಿರುವುದು ತಂತಿಯ ಇಯರ್‌ಫೋನನ್ನು. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ ಮುಕ್ಕಾಲು ಮೀಟರಿನಷ್ಟು ತಂತಿ ಸಿಕ್ಕರೆ ಅದನ್ನು ಚೆನ್ನಾಗಿ ಹಿಡಿಯಬಹುದು. ಅಷ್ಟುದ್ದದ ಆಂಟೆನಾಗೆ ಫೋನಿನೊಳಗೆ ಜಾಗವಿಲ್ಲದ ಕಾರಣ ಇಯರ್‌ಫೋನಿನ ತಂತಿಯೇ ಆಂಟೆನಾ ಆಗುತ್ತದೆ. ಬ್ಲೂಟೂತಿನಲ್ಲಿ ತಂತಿಯೇ ಇಲ್ಲವಲ್ಲ! ಹಳೆಯ ಇಯರ್‌ಫೋನ್ ಇದ್ದರೆ ಸಾಕು, ಒಂದು ಕಿವಿ ಕೆಟ್ಟಿದ್ದರೂ ಚಿಂತೆಯಿಲ್ಲ. ಸಿಕ್ಕಿಸಿದ ಮೇಲೆ ಆ್ಯಪ್‌ನಲ್ಲಿ ಸ್ಪೀಕರ್ ಆರಿಸಿಕೊಂಡರೆ ಗಟ್ಟಿಯಾಗಿಯೇ ಕೇಳಬಹುದು.

ಉತ್ತರ 2:
ಮೇಲಿನ ಮಾತು ಸರಿ. ಆದರೆ ಅನೇಕ ಹೊಸ ಫೋನುಗಳಲ್ಲಿ ಎಫ್‌ಎಂ ಸೌಲಭ್ಯವೇ ಇರುವುದಿಲ್ಲ, ಕೆಲವದರಲ್ಲಿ ಚಿಪ್ ಇದ್ದೂ ಕಂಪನಿಯವರು ಅದನ್ನು ನಿಷ್ಕ್ರಿಯಗೊಳಿಸಿರುತ್ತಾರೆ; ಅಂಥಲ್ಲಿ ಯಾವ ಆ್ಯಪ್ ಹಾಕಿದರೂ ಪ್ರಯೋಜನವಿಲ್ಲ. ವಿಪತ್ತಿನ ಸಮಯದಲ್ಲಿ ಉಪಯೋಗಕ್ಕೆ ಬರುತ್ತದೆಂಬ ಕಾರಣಕ್ಕೇ 2023ರಲ್ಲಿ ಕೇಂದ್ರದ ಐಟಿ ಸಚಿವಾಲಯವು, ಇರುವ ಎಫ್‌ಎಂ ಅನ್ನು ನಿಷ್ಕ್ರಿಯಗೊಳಿಸಬಾರದೆಂದು ಮೊಬೈಲ್ ಉದ್ಯಮದ ಸಂಘಗಳಿಗೆ ಸಲಹೆ ನೀಡಿತು. ಅದು ಸಲಹೆಯಾಗಿಯೇ ಉಳಿಯದೆ ಕಡ್ಡಾಯವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ಊರು ಬಿಟ್ಟು ದೂರವಿರುವವರಿಗೆ ಬಹಳ ಒಳ್ಳೆಯದು, ಆದರೆ ಅದಕ್ಕೆ ಡೇಟಾ ಬೇಕು: 64 ಕೆಬಿಪಿಎಸ್‌ನಲ್ಲಿ ಕೇಳಿದರೆ ಗಂಟೆಗೆ ಸುಮಾರು 29 ಎಂಬಿ. ಎಫ್‌ಎಂಗೆ ಡೇಟಾ ಬೇಡ, ಮೊಬೈಲ್ ಟವರೂ ಬೇಡ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಡ್ರಾಯರಿನಲ್ಲಿದ್ದ ಹಳೆಯ ಇಯರ್‌ಫೋನ್ ಸಿಕ್ಕಿಸಿದೆವು. ತಂತಿ ಸುತ್ತಿಟ್ಟಾಗ ಬರೀ ಗೊರಗೊರ ಸದ್ದು; ಕಿಟಕಿಯ ಸರಳಿಗೆ ತಾಗದಂತೆ ಬಿಡಿಸಿ ಇಳಿಬಿಟ್ಟ ಮೇಲೆ ಪ್ರದೇಶ ಸಮಾಚಾರ ಸ್ಪಷ್ಟವಾಗಿ ಕೇಳಿಸಿತು. ತಂದೆಯವರು ಈಗ ತಂತಿಯನ್ನು ಅಂಗಿಯ ಗುಂಡಿಗೆ ಸಿಕ್ಕಿಸಿಕೊಂಡು ತೋಟಕ್ಕೆ ಹೋಗಿದ್ದಾರೆ.