‘ವೇಸ್ಟ್’ ಅಂದರೆ ಪೋಲು ಅಲ್ಲ: ಸರಿಯಾದ ಕನ್ನಡ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಎಸ್ಟೇಟುಗಳಲ್ಲಿ ಅಪ್ಪಣೆಯಿಲ್ಲದೆ ಮರ ಕಡಿದ ದಾವೆಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ವೇಸ್ಟ್’ ಎಂಬ ಒಂದು ಪದದ ಹತ್ತಿರ ಕೈ ನಿಂತುಬಿಟ್ಟಿದೆ.

ದುರ್ವ್ಯಯ, ಪೋಲು ಎರಡನ್ನೂ ಹಾಕಿ ನೋಡಿದೆ. ಕೂರಲಿಲ್ಲ. ಪೋಲು ಅಂದರೆ ಸುಮ್ನೆ ಖರ್ಚಾಗಿ ಹೋಗುವುದು. ಅಲ್ಲಿನ ಕೋರ್ಟಿನಲ್ಲಿ ವೇಸ್ಟ್ ಅಂದರೆ ಅರ್ಥ ಬೇರೆ. ಭೂಮಿ ಸದ್ಯ ಯಾರ ಕೈಯಲ್ಲಿದೆಯೋ ಅವನು, ಮುಂದಿನ ಹಕ್ಕುದಾರನಿಗೆ ಉಳಿಯಬೇಕಾದ್ದನ್ನು ಕೆಡಿಸುವುದು. ಗೇಣಿದಾರ ಓಕ್ ಮರ ಕಡಿದು, ಒಳ್ಳೆ ಬೆಲೆಗೆ ಮಾರಿ, ದುಡ್ಡನ್ನು ಜೋಪಾನವಾಗಿ ಇಟ್ಟುಕೊಂಡರೂ ಅದು ವೇಸ್ಟೇ. ಒಂದು ಕಾಸೂ ಪೋಲಾಗಿಲ್ಲ, ಅಲ್ವಾ?

‘ಟಿಂಬರ್’ಗೆ ಬರೀ ಮರ ಅಂದರೂ ಸಾಲದು. ಕಾನೂನಿನ ಕಣ್ಣಿಗೆ ಟಿಂಬರ್ ಅಂದರೆ 20 ವರ್ಷ ತುಂಬಿದ ಓಕ್, ಆಶ್, ಎಲ್ಮ್. ಬಕಿಂಗ್‌ಹ್ಯಾಮ್‌ಷೈರಿನಲ್ಲಿ ರೂಢಿಯಿಂದ ಬೀಚ್ ಮರವೂ ಸೇರುತ್ತಿತ್ತು. ನಾಟಾ ಅಂದರೆ ನನಗೆ ಕೊಯ್ದು ಪೇರಿಸಿದ್ದೇ ಕಣ್ಣಿಗೆ ಬರುತ್ತದೆ. ನಿಂತ ಮರಕ್ಕೆ ಕರಾವಳಿ, ಮಲೆನಾಡಿನ ‘ಮೋಪು’ ಒಪ್ಪುತ್ತದೆ ಅನಿಸಿ ‘ಮೋಪಿನ ಮರ’ ಎಂದು ಬರೆದಿದ್ದೇನೆ.

ಇನ್ನೊಂದು ತೊಡಕು. ಭೂಮಿಯ ಹಕ್ಕು ಕೊಟ್ಟ ಪತ್ರದಲ್ಲಿ ‘ವೇಸ್ಟಿನ ಹೊಣೆಯಿಲ್ಲದೆ’ ಎಂಬ ಮಾತು ಇದ್ದರೆ, ಬದುಕಿರುವ ತನಕ ಹಕ್ಕುಳ್ಳವನು ಮೋಪು ಕಡಿದು ಹಣ ತಾನೇ ಇಟ್ಟುಕೊಳ್ಳಬಹುದಿತ್ತು. ಆದರೆ ಮನೆಯ ಅಂದಕ್ಕೋ ಗಾಳಿಗೆ ಮರೆಯಾಗಲೆಂದೋ ನೆಟ್ಟ ಮರಗಳಿಗೆ ಕೊಡಲಿ ಹಾಕಿದರೆ ಚಾನ್ಸರಿ ಕೋರ್ಟು ತಡೆಯುತ್ತಿತ್ತು. ಇದಕ್ಕೆ ದಾರಿ ಮಾಡಿದ್ದು 1716ರ ರೇಬಿ ಕೋಟೆಯ ದಾವೆ. ಬದುಕಿರುವ ತನಕ ಮಾತ್ರ ಕೋಟೆಯ ಹಕ್ಕಿದ್ದ ಲಾರ್ಡ್ ಬಾರ್ನಾರ್ಡ್, ಮುಂದಿನ ಹಕ್ಕುದಾರನಾದ ಮಗನ ಮೇಲೆ ಮುನಿದು, ಆಳುಗಳನ್ನು ಹಚ್ಚಿ ಕೋಟೆಯ ಸೀಸ, ಕಬ್ಬಿಣ, ಗಾಜು, ಬಾಗಿಲು ಎಲ್ಲ ಕೀಳಿಸಿದ. ಅವನ ಪತ್ರದಲ್ಲೂ ಆ ಮಾತು ಇತ್ತು. ಆದರೂ ಕೋರ್ಟು ಅವನನ್ನು ತಡೆದು, ಮೊದಲಿದ್ದ ಹಾಗೇ ಮಾಡಿಕೊಡು ಎಂದಿತು. ಇದನ್ನು ಪೋಲು ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮರ್ಯಾದೆಗೇಡು ಇದ್ದ ಹಾಗೆ ‘ಆಸ್ತಿಗೇಡು’ ಎಂದರೆ ಹೇಗೆ? ನಮ್ಮ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮೂ ಗೇಣಿದಾರ ಮೋಪು ಕಡಿಯಬಾರದು ಅನ್ನುತ್ತದೆ. ಅಲ್ಲಿಗೂ ಈ ಪದ ಹೊಂದುತ್ತದೆ.

ಕೊನೆಗೆ ‘ಬೋಟ್’. ಮನೆ ರಿಪೇರಿಗೆ, ನೇಗಿಲಿಗೆ, ಬೇಲಿಗೆ, ಒಲೆಗೆ ಬೇಕಾದಷ್ಟನ್ನು ಮಾತ್ರ ಗೇಣಿದಾರ ಕಡಿದುಕೊಳ್ಳುವ ಹಕ್ಕು ಅದು. ಹಳೆಯ ಇಂಗ್ಲಿಷಿನ ಪದ. ಮನೆಗೆ ಬೇಕಾದ ಮರಕ್ಕೆ ‘ಹೌಸ್‌ಬೋಟ್’ ಎಂದು ಹಾಗೇ ಬರೆದರೆ ಓದುವವರು ದೋಣಿಮನೆ ಅಂದುಕೊಳ್ಳುತ್ತಾರೆ. ಸದ್ಯಕ್ಕೆ ಮನೆಗಟ್ಟಿಗೆ, ನೇಗಿಲುಗಟ್ಟಿಗೆ, ಬೇಲಿಗಟ್ಟಿಗೆ, ಒಲೆಗಟ್ಟಿಗೆ ಎಂದು ಕಟ್ಟಿಕೊಂಡಿದ್ದೇನೆ. ಆದರೆ ನಾಲ್ಕಕ್ಕೂ ಸೇರಿ ಒಂದೇ ಹೆಸರು ಬೇಕು. ಗೇಣಿ ಮಾಡುವವರು ಒಡೆಯರ ಜಾಗದಿಂದ ಹೀಗೆ ತಂದುಕೊಳ್ಳುತ್ತಿದ್ದ ಕಟ್ಟಿಗೆಗೆ ನಿಮ್ಮ ಕಡೆ ಏನನ್ನುತ್ತಿದ್ದರು? ಮನೆಯ ಹಿರಿಯರನ್ನು ಕೇಳಿ, ಊರಿನ ಹೆಸರಿನ ಜೊತೆ ಬರೆಯಿರಿ.