ಪದಚರ್ಚೆ: ‘ಗ್ರೂ’ಗೆ ‘ಗುಮ್ಮ’ ಸಾಕೇ?

ಬಳಗದವರಿಗೆಲ್ಲ ನಮಸ್ಕಾರ.

ಮೂರು ವಾರದಿಂದ ಒಂದು ಪದ ನನ್ನನ್ನು ಕಾಡುತ್ತಿದೆ. ನಮ್ಮ ಲಿಪಿಯಲ್ಲಿ ಬರೆದರೆ ಒಂದೇ ಅಕ್ಷರ: ಗ್ರೂ. ಕತ್ತಲಲ್ಲಿ ಮಾತ್ರ ಇರುವ, ಬೆಳಕಿಗೆ ಹೆದರುವ, ಮನುಷ್ಯರನ್ನು ತಿನ್ನುವ ಒಂದು ಜೀವಿಯ ಹೆಸರು. ಇರುವುದು ವಿಡಿಯೋ ಗೇಮಿನಲ್ಲಿ. ಅದಕ್ಕೊಂದು ಕನ್ನಡ ಹೆಸರು ಹುಡುಕುತ್ತಿದ್ದೇನೆ. ಗೇಮ್ ಎಂದ ಕೂಡಲೇ ಮಕ್ಕಳ ವಿಷಯವೆಂದು ಪಕ್ಕಕ್ಕೆ ಇಡಬೇಡಿ. ಲಿಂಗ, ವಿಭಕ್ತಿ, ಕರ್ಮಣಿ ಪ್ರಯೋಗ, ನಾವು ಇಲ್ಲಿ ಜಗಳವಾಡುವ ಎಲ್ಲವೂ ಇದರ ಬೆನ್ನಿಗಿವೆ.

ಶುರುವಾದದ್ದು ಹೀಗೆ. ರಜೆಗೆ ಬಂದಿದ್ದ ಅಕ್ಕನ ಮಗಳು ‘ಡೋಂಟ್ ಸ್ಟಾರ್ವ್’ ಆಡುತ್ತಿದ್ದಳು. ಕೆನಡಾದ ವ್ಯಾಂಕೂವರಿನ ಕ್ಲೇ ಕಂಪನಿ 2013ರಲ್ಲಿ ತಂದ ಆಟ. ಕಾಡಿನಲ್ಲಿ ಹಗಲೆಲ್ಲ ಸೌದೆ, ಹುಲ್ಲು, ಹಣ್ಣು ಕೂಡಿಸಬೇಕು. ಇರುಳಾಗುವ ಹೊತ್ತಿಗೆ ಬೆಂಕಿ ಹಾಕಿಕೊಳ್ಳಬೇಕು. ಬೆಂಕಿ ಆರಿ ಪರದೆ ಪೂರ್ತಿ ಕಪ್ಪಾದರೆ ಮೊದಲು ಒಂದು ಸದ್ದು ಕೇಳುತ್ತದೆ, ಆಮೇಲೆ ಪೆಟ್ಟು ಬೀಳುತ್ತದೆ. ಹೊಡೆದದ್ದು ಯಾರು ಎಂದು ಕಾಣುವುದಿಲ್ಲ. ಕಥಾನಾಯಕ ವಿಲ್ಸನ್ನನ ಜೀವಶಕ್ತಿ 150, ಒಂದು ಪೆಟ್ಟಿಗೆ ಹೋಗುವುದು 100. ಎರಡನೆಯ ಪೆಟ್ಟಿಗೆ ಆಟ ಮುಗಿಯಿತು.

“ಮಾವ, ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ?” ಎಂದಳು. ಯೋಚಿಸದೆ “ದೆವ್ವ” ಎಂದೆ. “ದೆವ್ವ ಎಂದರೆ ಸತ್ತವರಲ್ಲವೇ? ಇದು ಯಾವತ್ತೂ ಸತ್ತಿಲ್ಲವಲ್ಲ” ಎಂದಳು. ಹದಿನಾಲ್ಕು ವರ್ಷದ ಹುಡುಗಿ ಪದಾರ್ಥಚಿಂತನೆಯಲ್ಲಿ ನನ್ನನ್ನು ಸೋಲಿಸಿದಳು. ಆ ಆಟದ ಒಳಗಿನ ಕಡತಗಳಲ್ಲಿ ಕತ್ತಲಿನ ಈ ಹೊಡೆತಕ್ಕೆ ಇಟ್ಟಿರುವ ಹೆಸರು ‘ಗ್ರೂ’ ಎಂದು ತಿಳಿದದ್ದು ಆಮೇಲೆ. ಅಲ್ಲಿಂದ ನಾನು ಅದರ ಹುಟ್ಟೂರಿಗೆ ಹೋದೆ.

ಹುಟ್ಟಿದ್ದು ಚಿತ್ರವೇ ಇಲ್ಲದ ಆಟದಲ್ಲಿ. 1977ರಲ್ಲಿ ಅಮೆರಿಕದ ಎಂಐಟಿಯಲ್ಲಿ ಟಿಮ್ ಆಂಡರ್ಸನ್, ಮಾರ್ಕ್ ಬ್ಲಾಂಕ್, ಬ್ರೂಸ್ ಡೇನಿಯಲ್ಸ್, ಡೇವ್ ಲೆಬ್ಲಿಂಗ್ ಎಂಬ ನಾಲ್ವರು ಪಿಡಿಪಿ-10 ಕಂಪ್ಯೂಟರಿನ ಮೇಲೆ ‘ಝಾರ್ಕ್’ ಬರೆಯಲು ತೊಡಗಿದರು. ಎಲ್ಲವೂ ಅಕ್ಷರ. ಆಟ ಒಂದು ವಾಕ್ಯ ಹೇಳುತ್ತದೆ, ನೀವು ‘ಉತ್ತರಕ್ಕೆ ಹೋಗು’, ‘ದೀಪ ಹಚ್ಚು’ ಎಂದು ಬೆರಳಚ್ಚಿಸಿ ಉತ್ತರ ಕೊಡುತ್ತೀರಿ. ಅದಕ್ಕೂ ಮುಂಚಿನ, ವಿಲ್ ಕ್ರೌಥರ್ ಬರೆದು ಡಾನ್ ವುಡ್ಸ್ ಬೆಳೆಸಿದ ‘ಅಡ್ವೆಂಚರ್’ ಆಟದಲ್ಲಿ ಕತ್ತಲಲ್ಲಿ ಮುಂದುವರಿದವರು ಗುಂಡಿಗೆ ಬೀಳುತ್ತಿದ್ದರು. ಝಾರ್ಕ್ ಕೂಡ ಮೊದಲು ಅದನ್ನೇ ಮಾಡಿತು. ಆದರೆ ಝಾರ್ಕಿನಲ್ಲಿ ಒಂದು ಮನೆಯ ಅಟ್ಟವೂ ಕತ್ತಲೆ. ಅಟ್ಟದ ಮೇಲೆ ತಳವಿಲ್ಲದ ಗುಂಡಿ ಎಲ್ಲಿಂದ ಬಂತು, ಬಿದ್ದವರು ಕೆಳಗಿನ ಅಡುಗೆಮನೆಗೇ ಬೀಳಬೇಕಲ್ಲವೇ ಎಂಬ ತಕರಾರು ಎದ್ದಿತು. ಗುಂಡಿಯನ್ನು ತೆಗೆದು ಆ ಜಾಗಕ್ಕೆ ಲೆಬ್ಲಿಂಗ್ ತಂದು ನಿಲ್ಲಿಸಿದ್ದೇ ಗ್ರೂ. ಕತ್ತಲೆಯ ಭಯಕ್ಕೆ ಹಲ್ಲು ಬಂದದ್ದು ವಾಸ್ತುದೋಷದ ಪರಿಹಾರವಾಗಿ! 1980ರಲ್ಲಿ ಇನ್ಫೋಕಾಮ್ ಕಂಪನಿಯ ಮೂಲಕ ಆಟ ಮನೆಮನೆಯ ಕಂಪ್ಯೂಟರಿಗೆ ಬಂದಾಗ ಗ್ರೂ ಕೂಡ ಜೊತೆಗೆ ಬಂತು.

ಹೆಸರನ್ನು ಲೆಬ್ಲಿಂಗ್ ಕಟ್ಟಿದ್ದಲ್ಲ, ಜ್ಯಾಕ್ ವ್ಯಾನ್ಸ್ ಅವರ ‘ಡೈಯಿಂಗ್ ಅರ್ತ್’ ಕಥೆಗಳಿಂದ ಎತ್ತಿಕೊಂಡದ್ದು. ಅದರ ಹಿಂದೆ ಇನ್ನೂ ಹಳೆಯ ಬೇರು ಇದೆ. ಸ್ಕಾಟ್‌ಲೆಂಡಿನ ಮಾತಿನಲ್ಲಿ ‘ಗ್ರೂ’ ಎಂದರೆ ಭಯದಿಂದಲೋ ಚಳಿಯಿಂದಲೋ ಮೈ ನಡುಗುವುದು. ಡೇನಿಷ್, ಸ್ವೀಡಿಷ್, ಜರ್ಮನ್ ಭಾಷೆಗಳಲ್ಲಿ ಅದರ ದಾಯಾದಿಗಳಿವೆ. ಇಂಗ್ಲಿಷಿನ ‘ಗ್ರೂಸಮ್’ ಇದೇ ಬೇರಿನದು. ವಾಲ್ಟರ್ ಸ್ಕಾಟ್ ಅವರ ಕಾದಂಬರಿಗಳಿಂದ ಅದು ಎಲ್ಲರ ಬಾಯಿಗೆ ಬಂತು. ಅಂದರೆ ಮೈನಡುಕದ ಕ್ರಿಯಾಪದವೇ ಮೈ ನಡುಗಿಸುವ ಪ್ರಾಣಿಯ ಹೆಸರಿನಂತೆ ಕೇಳುತ್ತಿದೆ. (ಹುಡುಕಲು ಹೊರಟವರಿಗೆ ಒಂದು ಎಚ್ಚರಿಕೆ: ತತ್ತ್ವಶಾಸ್ತ್ರದಲ್ಲಿ ನೆಲ್ಸನ್ ಗುಡ್‌ಮನ್ ಹಸಿರು, ನೀಲಿ ಎರಡರ ಇಂಗ್ಲಿಷ್ ಪದಗಳನ್ನು ಬೆಸೆದು ಮಾಡಿದ ‘ಗ್ರೂ’ ಬೇರೆ. ಭಾಷಾವಿಜ್ಞಾನಿಗಳು ಹಸಿರು-ನೀಲಿಗೆ ಒಂದೇ ಪದವಿರುವ ಭಾಷೆಗಳ ಬಗ್ಗೆ ಬರೆಯುವಾಗ ಅದನ್ನೇ ಬಳಸುತ್ತಾರೆ. ಫ್ರೆಂಚರಿಗಂತೂ ‘ಗ್ರೂ’ ಎಂದರೆ ಕೊಕ್ಕರೆಯ ಜಾತಿಯ ಹಕ್ಕಿ, ಭಾರ ಎತ್ತುವ ಕ್ರೇನ್ ಕೂಡ. ನಮ್ಮ ಕಷ್ಟ ಅವರದಕ್ಕಿಂತ ವಾಸಿ.)

ಈಗ ಕನ್ನಡಕ್ಕೆ ಬರೋಣ. ನಡುಕದ ಪದದಿಂದಲೇ ಹೆಸರು ಮಾಡಬಹುದೇ ಎಂದು ಮೊದಲು ನೋಡಿದೆ. ಹಳಗನ್ನಡದ ‘ಬೆರ್ಚು’ ಇಂದಿನ ‘ಬೆಚ್ಚು’. ಅದರಿಂದ ಹೆಸರು ಆಗಲೇ ಹುಟ್ಟಿಬಿಟ್ಟಿದೆ: ಬೆರ್ಚಪ್ಪ. ಸ್ಕಾಟರು ನಡೆದ ದಾರಿಯಲ್ಲೇ ನಮ್ಮ ರೈತರೂ ನಡೆದಿದ್ದಾರೆ, ಆದರೆ ತಲುಪಿದ್ದು ಗದ್ದೆಯ ನಡುವಿನ ಹುಲ್ಲುಗೊಂಬೆಗೆ. ಹಾಡುಹಗಲಲ್ಲಿ ಕೈ ಚಾಚಿ ನಿಲ್ಲುವ, ಹಕ್ಕಿಗಳೂ ಈಚೆಗೆ ಲೆಕ್ಕಕ್ಕಿಡದ ಬೆರ್ಚಪ್ಪನನ್ನು ಕತ್ತಲಿಗೆ ಕಳಿಸುವುದು ಅನ್ಯಾಯ.

‘ನಿಶಾಚರ’ ಹೇಗೆ? ಗಂಭೀರವಾಗಿದೆ, ಆದರೆ ತಪ್ಪು. ಗ್ರೂ ಇರುಳಿನದಲ್ಲ, ಕತ್ತಲಿನದು. ಮಧ್ಯಾಹ್ನ ಹನ್ನೆರಡಕ್ಕೂ ದೀಪವಿಲ್ಲದ ಗವಿಯಲ್ಲಿ ಇರುತ್ತದೆ. ಜೊತೆಗೆ ನಿಶಾಚರ ಎಂದರೆ ಅಲೆಯುವವನು. ಗ್ರೂ ಅಲೆಯುವುದಿಲ್ಲ, ನೀವು ಬರುವವರೆಗೆ ಹೊಂಚು ಹಾಕಿ ಕಾದಿರುತ್ತದೆ. ‘ಬೇಟೆ’ ಎಂಬ ಪದವನ್ನೂ ಇದೇ ಕಾರಣಕ್ಕೆ ಬಿಟ್ಟೆ, ಬೇಟೆಗೆ ಓಡಾಟ ಬೇಕು. ಸ್ನೇಹಿತರೊಬ್ಬರು ‘ತಮೋಭಕ್ಷಕ’ ಸೂಚಿಸಿದರು. ಸಮಾಸವನ್ನು ಬಿಡಿಸಿ ನೋಡಿ: ತಮಸ್ಸನ್ನೇ ತಿನ್ನುವುದು ಎಂದಾಗುತ್ತದೆ. ಕತ್ತಲನ್ನು ತಿಂದು ಕಾಡಿಗೆಯನ್ನು ಹಡೆಯುವುದು ದೀಪ ಎಂದು ಸಂಸ್ಕೃತ ಸುಭಾಷಿತವೊಂದು ಹೇಳುತ್ತದೆ. ಹಾಗಾದರೆ ಗ್ರೂವಿನ ವೈರಿಗೇ ಗ್ರೂವಿನ ಹೆಸರನ್ನು ಕಟ್ಟಿದಂತಾಯಿತು. ‘ಭೂತ’ ಬೇಡ, ತುಳುನಾಡಿನವರಿಗೆ ಅದು ಕೈಮುಗಿಯುವ ದೈವ.

ಉಳಿದದ್ದು ಗುಮ್ಮ. ಹೊಂದಿಕೆ ಬೆರಗು ಹುಟ್ಟಿಸುವಷ್ಟಿದೆ. ಗುಮ್ಮ ಸತ್ತ ಯಾರದೂ ಪ್ರೇತವಲ್ಲ. ರೂಪವಿಲ್ಲ, ಊರಿಲ್ಲ, ಕಂಡವರಿಲ್ಲ. ತಾಯಿಯ ಒಂದು ವಾಕ್ಯದಲ್ಲಿ ಹುಟ್ಟಿ ಆ ವಾಕ್ಯ ಮುಗಿದಾಗ ಇಲ್ಲವಾಗುತ್ತದೆ. ಝಾರ್ಕಿನ ಗ್ರೂ ಇರುವುದೂ ವಾಕ್ಯದಲ್ಲಿ ಮಾತ್ರ. ಪುರಂದರದಾಸರ ಕಾಲದಿಂದಲೂ ಮಗು ‘ಕರೆಯದಿರೆ’ ಎಂದು ಅಂಗಲಾಚುತ್ತಿರುವುದು ಇದರ ಹೆಸರನ್ನೇ ಹಿಡಿದು.

ಆದರೆ ಇಲ್ಲಿಯೇ ವ್ಯಾಕರಣ ಕಾಲೆಳೆಯುತ್ತದೆ. ದಾಸರ ಪದದಲ್ಲಿ ಇರುವುದು ‘ಗುಮ್ಮನ’, ‘ಗುಮ್ಮವ’ ಅಲ್ಲ. ಹಳಗನ್ನಡದಲ್ಲಿ ‘ಮರನಂ’ ಕೂಡ ಇತ್ತಲ್ಲ ಎಂದು ಬಳಗದ ಹಿರಿಯರು ಹೇಳಬಹುದು. ಹಾಗಿದ್ದರೆ ಷಷ್ಠಿಯನ್ನು ನೋಡಿ: ದೆವ್ವದ ಕಥೆ, ಭೂತದ ಕಥೆ, ಆದರೆ ಗುಮ್ಮನ ಕಥೆ. ವಿಭಕ್ತಿಯಲ್ಲಿ ಗುಮ್ಮ ಗಂಡಸು. ಅಣ್ಣ, ಕಳ್ಳ, ಮುದುಕರ ಸಾಲಿನವನು. ಕ್ರಿಯಾಪದದಲ್ಲಿ ಮಾತ್ರ ನಮ್ಮ ಮನೆಯಲ್ಲಿ ‘ಗುಮ್ಮ ಬಂತು’ ಎನ್ನುತ್ತಿದ್ದರು, ‘ಬಂದ’ ಎನ್ನುತ್ತಿರಲಿಲ್ಲ. ನಿಮ್ಮ ಕಡೆ ಹೇಗೆ? ಇದು ನನ್ನ ಮೊದಲ ಪ್ರಶ್ನೆ.

ಏಕೆ ಮುಖ್ಯವೆಂದರೆ, ಇಂಗ್ಲಿಷಿನ ಕ್ರಿಯಾಪದ ಕತ್ತಲಲ್ಲಿ ಇರುವುದು ಏನೆಂದು ಬಿಟ್ಟುಕೊಡುವುದಿಲ್ಲ. ಕನ್ನಡದ ಕ್ರಿಯಾಪದ ಚಾಡಿ ಹೇಳುತ್ತದೆ. ತಿಂದನು, ತಿಂದಳು, ತಿಂದಿತು. ಕಣ್ಣಿಗೆ ಕಾಣುವ ಮೊದಲೇ ಪ್ರತ್ಯಯ ಎಲ್ಲವನ್ನೂ ಬಯಲು ಮಾಡುತ್ತದೆ. ‘ಡೋಂಟ್ ಸ್ಟಾರ್ವ್’ನಲ್ಲಿ ಇದು ನಿಜವಾದ ತೊಡಕು. ಕತ್ತಲಲ್ಲಿ ಹೊಡೆಯುವುದು ಚಾರ್ಲಿ ಎಂಬ ಹೆಣ್ಣು, ಹಿಂದೆ ಒಬ್ಬ ಜಾದೂಗಾರನ ಸಹಾಯಕಿಯಾಗಿದ್ದವಳು. ಆಡುವವರಿಗೆ ಅದು ಮೊದಲ ಇರುಳಿನಲ್ಲಿ ತಿಳಿಯಬಾರದು. ಕನ್ನಡದಲ್ಲಿ ‘ಹೊಡೆದಳು’ ಎಂದರೆ ಗುಟ್ಟು ರಟ್ಟಾಯಿತು, ‘ಹೊಡೆಯಿತು’ ಎಂದರೆ ಸುಳ್ಳಾಯಿತು.

ಬಿಡಿಸಿಕೊಳ್ಳುವ ದಾರಿಯನ್ನೂ ಕನ್ನಡವೇ ಕೊಡುತ್ತದೆ. ಝಾರ್ಕಿನ ಹೆಸರುವಾಸಿ ಎಚ್ಚರಿಕೆಯಲ್ಲಿ ಎರಡೇ ವಾಕ್ಯ: ಕಗ್ಗತ್ತಲೆ ಇದೆ ಎಂಬುದು ಒಂದು, ನಿಮ್ಮನ್ನು ಗ್ರೂ ತಿನ್ನುವ ಸಾಧ್ಯತೆ ಹೆಚ್ಚು ಎಂಬುದು ಇನ್ನೊಂದು. ಎರಡನೆಯದು ಇಂಗ್ಲಿಷಿನಲ್ಲಿ ಕರ್ಮಣಿ. ಹಾಗೇ ಇಳಿಸಿದರೆ ‘ನೀವು ಗ್ರೂವಿನಿಂದ ತಿನ್ನಲ್ಪಡುವ ಸಾಧ್ಯತೆ ಇದೆ’. ಸರ್ಕಾರಿ ಸುತ್ತೋಲೆ ಓದಿದಂತಾಗಿ ಭಯವೇ ಓಡಿಹೋಗುತ್ತದೆ. ‘ತಿನ್ನಬಹುದು’ ಎಂದರೆ ಅವನು, ಅವಳು, ಅದು ಮೂರಕ್ಕೂ ಒಂದೇ ರೂಪ. ‘ಬಹುದು’ ದೀಪ ಆರಿಸಿದಂತೆ. ಆದರೆ ಅದು ಎಚ್ಚರಿಕೆಗೆ ಮಾತ್ರ ಸಾಕು. ತಿಂದು ಮುಗಿಸಿದ ಮೇಲೆ ಏನು ಹೇಳುವುದು?

ಅದಕ್ಕೆ ನನಗೆ ಸಿಕ್ಕಿದ ಪದ ‘ತುತ್ತಾಗು’. ‘ಕಗ್ಗತ್ತಲೆ. ನೀವು ಗ್ರೂವಿಗೆ ತುತ್ತಾಗುವ ಸಂಭವ ಹೆಚ್ಚು.’ ಸತ್ತಾಗ ‘ಗ್ರೂವಿಗೆ ತುತ್ತಾದಿರಿ.’ ಕರ್ತೃ ನೀವೇ. ತಿಂದದ್ದರ ಲಿಂಗ, ವಚನ ಯಾವುದೂ ಹೊರಬರುವುದಿಲ್ಲ. ರೋಗಕ್ಕೆ ತುತ್ತಾದರು, ಟೀಕೆಗೆ ತುತ್ತಾದರು ಎಂದು ಪತ್ರಿಕೆಗಳು ಬರೆದು ಬರೆದು ಆ ಪದದೊಳಗಿನ ಅನ್ನದ ತುತ್ತು ಮರೆತೇಹೋಗಿದೆ. ಇಲ್ಲಿ ಅದು ಮತ್ತೆ ನಿಜವಾದ ತುತ್ತಾಗುತ್ತದೆ. ‘ಸಂಭವ’ವನ್ನು ಬೇಕೆಂದೇ ಇಟ್ಟೆ. ಮೂಲದ ತಮಾಷೆ ಇರುವುದು ಅದರ ತಣ್ಣನೆಯ ದನಿಯಲ್ಲಿ. ನಮ್ಮಲ್ಲಿ ಆ ದನಿ ಆಕಾಶವಾಣಿಯ ಹವಾಮಾನ ವರದಿಯದು. ಕರಾವಳಿಯಲ್ಲಿ ಮಳೆಯಾಗುವ ಸಂಭವ, ನೆಲಮಾಳಿಗೆಯಲ್ಲಿ ಗ್ರೂ ತಿನ್ನುವ ಸಂಭವ.

ಒಂದು ನಷ್ಟವಿದೆ. ಇಂಗ್ಲಿಷಿನಲ್ಲಿ ವಾಕ್ಯದ ಕೊನೆಯ ಪದ ಗ್ರೂ. ಓದುಗ ಕೊನೆಯಲ್ಲಿ ಆ ಅಪರಿಚಿತ ಪದಕ್ಕೆ ಎಡವುತ್ತಾನೆ, ‘ಗ್ರೂ ಎಂದರೇನು?’ ಎಂದು ಆಟವನ್ನೇ ಕೇಳುತ್ತಾನೆ. ಆಟ ಅದಕ್ಕೆ ಉತ್ತರವನ್ನೂ ಕೊಡುತ್ತದೆ: ಅದಕ್ಕೆ ಸಾಹಸಿಗಳೆಂದರೆ ಪ್ರಿಯ, ಹಸಿವು ತೀರದ್ದು, ಬೆಳಕೊಂದಕ್ಕೇ ಅಂಜಿಕೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಈ ಎಡವುವಿಕೆ ತಪ್ಪುತ್ತದೆ. ಗುಮ್ಮ ಎಂದು ಹಾಕಿದರಂತೂ ಯಾರೂ ಏನೂ ಕೇಳುವುದೇ ಇಲ್ಲ, ಎಲ್ಲರಿಗೂ ಗೊತ್ತಿರುವ ಪದ. ಗ್ರೂ ಎಂದೇ ಉಳಿಸಿದರೆ ‘ಹೂವಿನ’ ಎಂಬಂತೆ ‘ಗ್ರೂವಿನ’ ಎಂದಾಗಿ ಕಿವಿಗೆ ಮೃದುವಾಗುತ್ತದೆ. ಗ್ರೂವಿನ ಕೋರೆಹಲ್ಲು ಎಂದರೆ ಮಲ್ಲಿಗೆ ಮೊಗ್ಗು ನೆನಪಾಗುತ್ತದೆ.

ನಾನೇ ಒಂದು ಪದ ಕಟ್ಟಿ ನೋಡಿದೆ: ‘ಗವ್ವ’. ‘ಗವ್ವೆನ್ನುವ ಕತ್ತಲೆ’ ಎನ್ನುತ್ತೇವಲ್ಲ, ಅದರಿಂದ. ಕತ್ತಲಿಗೆ ಸದ್ದು ಕೊಟ್ಟಿರುವ ಮಾತು ಅದು; ಗವಿಯೂ ಹತ್ತಿರ, ಗುಮ್ಮನ ಪ್ರಾಸವೂ ಇದೆ, ಅಪರಿಚಿತವೂ ಹೌದು. ಅಕ್ಕನ ಮಗಳು ಕೇಳಿ ನಕ್ಕಳು. ನಕ್ಕ ಮೇಲೆ ಆ ಪದಕ್ಕೆ ಹಲ್ಲಿಲ್ಲ.

ಅವಳು ಆಡುವಾಗ ಏನೆನ್ನುತ್ತಾಳೆ ಎಂದು ಗಮನಿಸಿದೆ. ಬೆಂಕಿ ಆರುತ್ತ ಬಂದಾಗ “ಅಯ್ಯೋ, ಅದು ಬರುತ್ತದೆ” ಎನ್ನುತ್ತಾಳೆ. ಬರೀ ‘ಅದು’. ಆಗ ನನ್ನ ಅಜ್ಜಿ ನೆನಪಾದರು. ದೀಪ ಹಚ್ಚಿದ ಮೇಲೆ ‘ಹಾವು’ ಎನ್ನಲು ಬಿಡುತ್ತಿರಲಿಲ್ಲ, ‘ಹುಳ’ ಎನ್ನಬೇಕಿತ್ತು. ಹೆಸರು ಹಿಡಿದರೆ ಬಂದುಬಿಡುತ್ತದೆ ಎಂಬ ಅಂಜಿಕೆ. ಕತ್ತಲಲ್ಲಿ ಕಚ್ಚುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಹೆಸರಿಗಿಂತ ಹೆಸರು ತಪ್ಪಿಸುವ ಪದಗಳೇ ಹೆಚ್ಚು ಇರಬೇಕು. ನಾನು ಇಷ್ಟು ದಿನ ನಿಘಂಟಿನ ತಪ್ಪು ಪುಟದಲ್ಲಿ ಹುಡುಕುತ್ತಿದ್ದೆನೇನೋ.

ಆದ್ದರಿಂದ ಎರಡನೆಯ ಪ್ರಶ್ನೆ, ಇದಕ್ಕೇ ಇಷ್ಟು ಉದ್ದ ಬರೆದದ್ದು. ಹಾವಿಗೆ ‘ಹುಳ’ ಇದ್ದಂತೆ, ಹುಲಿಗೆ, ಚಿರತೆಗೆ, ಹೆಸರಿಲ್ಲದ ಬೇರೆ ಯಾವುದಕ್ಕಾದರೂ ಸಂಜೆಯ ನಂತರ ನಿಮ್ಮ ಸೀಮೆಯಲ್ಲಿ ಹೇಳುತ್ತಿದ್ದ ಮರೆಮಾತು ಯಾವುದು? ಕುಂದಾಪುರ, ಸಿರಸಿ, ಮಲೆ ಮಹದೇಶ್ವರ ಬೆಟ್ಟದ ಕಡೆಯವರು ದಯವಿಟ್ಟು ಬರೆಯಿರಿ. ಪದದ ಜೊತೆ ಊರು, ಅದಕ್ಕೆ ಹತ್ತುವ ಕ್ರಿಯಾಪದ ‘ಬಂತು’ವೋ ‘ಬಂದ’ನೋ ‘ಬಂದಳು’ವೋ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ಸಿಗುವವರೆಗೆ ನನ್ನ ಕರಡಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ: ‘ಕಗ್ಗತ್ತಲೆ. ನೀವು ____ಗೆ ತುತ್ತಾಗುವ ಸಂಭವ ಹೆಚ್ಚು.’