ಭಾಷಣಕಾರರೂ ಲೇಖಕರೂ ಆಗಿರುವವರು ಅಂತರ್ಜಾಲದಲ್ಲಿ ಮೊದಲು ಏನನ್ನು ಸಿದ್ಧಪಡಿಸಿಕೊಳ್ಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಲಸದ ಸ್ಥಳದಲ್ಲಿನ ಸಂವಹನವನ್ನು ಕುರಿತು ನಾನು ಎರಡು ಪುಸ್ತಕ ಬರೆದಿದ್ದೇನೆ. ಅದೇ ವಿಷಯದ ಮೇಲೆ ಸಂಸ್ಥೆಗಳಲ್ಲಿ ಉಪನ್ಯಾಸವನ್ನೂ ಕೊಡುತ್ತೇನೆ. ಇದುವರೆಗಿನ ಆಹ್ವಾನಗಳೆಲ್ಲ ಬಲ್ಲವರ ಮೂಲಕವೇ ಬಂದವು. ಕಳೆದ ತಿಂಗಳು ಆಯೋಜಕರೊಬ್ಬರು ಫೋನ್ ಮಾಡಿ, ‘ನಿಮ್ಮ ಲಿಂಕ್ ಕಳುಹಿಸಿ, ಸಮಿತಿಯವರಿಗೆ ತೋರಿಸುತ್ತೇನೆ’ ಎಂದಾಗ ನನ್ನ ಬಳಿ ಇದ್ದದ್ದು ಯಾರದೋ ಮದುವೆಯಲ್ಲಿ ತೆಗೆದ ಚಿತ್ರವಿರುವ ಫೇಸ್‌ಬುಕ್ ಖಾತೆ ಮಾತ್ರ. ಅದನ್ನೇ ಕಳುಹಿಸಿದೆ. ಮರುಮಾತು ಬರಲಿಲ್ಲ. ಜಾಲತಾಣ, ಯೂಟ್ಯೂಬ್, ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಂ ಎಲ್ಲವನ್ನೂ ನಡೆಸುವಷ್ಟು ಬಿಡುವು ನನಗಿಲ್ಲ. ವಾರಕ್ಕೆ ಮೂರು ಗಂಟೆ ಸಿಕ್ಕರೆ ಹೆಚ್ಚು. ಎಲ್ಲಿಂದ ಆರಂಭಿಸಲಿ? ಹಿಂಬಾಲಕರ ಸಂಖ್ಯೆ ನಿಜಕ್ಕೂ ಮುಖ್ಯವೇ?

ಉತ್ತರ 1 – ಕಾರ್ಯಕ್ರಮ ಆಯೋಜಕಿ

ಸಮ್ಮೇಳನಗಳಿಗೆ ಭಾಷಣಕಾರರನ್ನು ಗೊತ್ತುಮಾಡುವುದು ನನ್ನ ಕೆಲಸವಾದ್ದರಿಂದ ಮೇಜಿನ ಈ ಬದಿಯಿಂದ ಕಾಣುವುದನ್ನು ಹೇಳುತ್ತೇನೆ. ನಮ್ಮ ಸಮಿತಿಯಲ್ಲಿ ಹಿಂಬಾಲಕರ ಸಂಖ್ಯೆಯನ್ನು ಕೇಳಿದವರು ಕಡಿಮೆ. ‘ಇವರು ಮಾತನಾಡಿದ್ದನ್ನು ನೋಡಬಹುದೇ?’ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಆದ್ದರಿಂದ ಮೊದಲು ಬೇಕಾದದ್ದು ಒಂದು ವಿಡಿಯೊ. ಸಂಗೀತ ಹಾಕಿ, ಚಪ್ಪಾಳೆಯ ತುಣುಕುಗಳನ್ನು ಪೋಣಿಸಿ ಮಾಡಿದ್ದು ಬೇಡ. ಎಲ್ಲಿಯೂ ಕತ್ತರಿಸದ ನಾಲ್ಕೈದು ನಿಮಿಷದ ಒಂದೇ ಭಾಗವಿದ್ದರೆ, ವಿಷಯವನ್ನು ಎತ್ತಿಕೊಂಡು ಒಂದು ಘಟ್ಟಕ್ಕೆ ಮುಟ್ಟಿಸುವ ಶಕ್ತಿ ನಿಮಗಿದೆಯೇ ಎಂಬುದು ನಮಗೆ ತಿಳಿಯುತ್ತದೆ. ಚಿತ್ರ ಸಾಧಾರಣವಾಗಿದ್ದರೂ ನಡೆಯುತ್ತದೆ, ಧ್ವನಿ ಕೆಟ್ಟಿದ್ದರೆ ಯಾರೂ ಅರ್ಧ ನಿಮಿಷ ತಾಳುವುದಿಲ್ಲ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಇರಲಿ.

ಎರಡನೆಯದು ಪರಿಚಯ ಬರಹ. ಆಹ್ವಾನ ಪತ್ರಿಕೆಗೆ 50 ಪದ, ಕಾರ್ಯಕ್ರಮ ಪುಸ್ತಿಕೆಗೆ 150 ಪದ, ವೇದಿಕೆಯಲ್ಲಿ ನಿರೂಪಕರು ಓದಲು ಮತ್ತೊಂದು. ಈ ಮೂರನೆಯದನ್ನು ಬಹುತೇಕರು ಬರೆದಿಡುವುದೇ ಇಲ್ಲ. ಒಮ್ಮೆ ನಮ್ಮ ನಿರೂಪಕರು ಅತಿಥಿಯೊಬ್ಬರ ನಾಲ್ಕು ಪುಟದ ಸ್ವವಿವರವನ್ನು ಪದವಿ, ಇಸವಿಗಳ ಸಮೇತ ಮೊದಲಿನಿಂದ ಕೊನೆಯವರೆಗೆ ಓದಿದರು. ಪಾಪ, ಅತಿಥಿ ಮೈಕಿನ ಪಕ್ಕದಲ್ಲಿ ಕೈಕಟ್ಟಿ ನಿಂತೇ ಇದ್ದರು. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿ, ಒಂದು ನಿಮಿಷ ಮೀರಿದರೆ ಕತ್ತರಿಸಿ. ಉಪನ್ಯಾಸದ ವಿಷಯಗಳು ಮೂರಿದ್ದರೆ ಸಾಕು. ಹದಿನೈದನ್ನು ಪಟ್ಟಿ ಮಾಡಿದವರನ್ನು ಕಂಡರೆ ನನಗೆ ಅನುಮಾನವೇ ಹೆಚ್ಚು. ಭಾವಚಿತ್ರವನ್ನು ಮೂಲ ಗಾತ್ರದಲ್ಲೇ ಇಳಿಸಿಕೊಳ್ಳುವಂತಿಡಿ. ಮುದ್ರಣಕ್ಕೆ ಸಾಮಾನ್ಯವಾಗಿ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಕೇಳುತ್ತಾರೆ, ವಾಟ್ಸಾಪ್‌ನಲ್ಲಿ ಚಿತ್ರವಾಗಿ ಬಂದದ್ದು ಕುಗ್ಗಿರುತ್ತದೆ.

ಉತ್ತರ 2 – ಅಂಕಣಕಾರ

ಮೇಲಿನವರು ಹೇಳಿದ್ದನ್ನೆಲ್ಲ ಎಲ್ಲಿ ಇಡಬೇಕೆಂಬುದಕ್ಕೆ ನನ್ನ ಉತ್ತರ: ನಿಮ್ಮದೇ ಹೆಸರಿನ ಡೊಮೇನ್‌ನಲ್ಲಿ, ಅಂದರೆ ನೀವೇ ನೋಂದಾಯಿಸಿಕೊಂಡ ಜಾಲತಾಣದ ವಿಳಾಸದಲ್ಲಿ, ಒಂದೇ ಪುಟವಾದರೂ ಸರಿ. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅಂಥದ್ದೇ ಆದ ಗೂಗಲ್ ಪ್ಲಸ್‌ನ ಸಾಮಾನ್ಯ ಬಳಕೆದಾರರ ಖಾತೆಗಳು 2019ರ ಏಪ್ರಿಲ್‌ನಲ್ಲಿ ಹೋದವು. ನಾನು ಎರಡರಲ್ಲೂ ಓದುಗರನ್ನು ಕೂಡಿಸಿದ್ದೆ, ಎರಡು ಸಲವೂ ಬರಿಗೈಯಲ್ಲಿ ಎದ್ದುಬಂದೆ. ಈಗ ಜಾಲತಾಣದ ಜೊತೆಗೆ ಓದುಗರ ಇಮೇಲ್ ಪಟ್ಟಿಯನ್ನು ಇಟ್ಟುಕೊಂಡಿದ್ದೇನೆ. ಹೊಸ ಪುಸ್ತಕ ಬಂದಾಗ ತಿಳಿಸಲು ಯಾವ ಕಂಪನಿಯ ದಯೆಯೂ ಬೇಕಿಲ್ಲ. ಒಪ್ಪಿಗೆ ಕೊಟ್ಟವರಿಗೆ ಮಾತ್ರ ಬರೆಯಿರಿ, ಪಟ್ಟಿಯಿಂದ ಹೊರಹೋಗುವ ಕೊಂಡಿ ಪ್ರತಿ ಪತ್ರದಲ್ಲೂ ಇರಲಿ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಒಮ್ಮೆಗೇ ಬಹಳ ಜನರಿಗೆ ಕಳುಹಿಸುವ ಸಗಟು ಪತ್ರಗಳ ನಿಯಮಗಳನ್ನು ಬಿಗಿಗೊಳಿಸಿವೆ. ಅವುಗಳಿಗೆ ಹೊಂದಿಕೊಳ್ಳಲು ಸ್ವಂತ ಡೊಮೇನ್‌ನ ವಿಳಾಸವೇ ಅನುಕೂಲ.

ಡೊಮೇನ್ ನವೀಕರಣದ ದಿನಾಂಕವನ್ನು ಮರೆಯಬೇಡಿ. ನಾನು ಮರೆತೆ, ನನ್ನ ಹೆಸರಿನ ವಿಳಾಸದಲ್ಲಿ ಕೆಲವು ತಿಂಗಳು ಯಾರೋ ಜೂಜಿನ ಜಾಹೀರಾತು ಹಾಕಿಕೊಂಡಿದ್ದರು. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ 10 ವರ್ಷದವರೆಗೆ ನೋಂದಾಯಿಸಬಹುದು. ಇನ್ನೊಂದು ಮಾತು: ಪುಸ್ತಕದ ರಕ್ಷಾಪುಟದಲ್ಲಿ, ಮಾರಾಟದ ತಾಣಗಳಲ್ಲಿ, ವಿಡಿಯೊದ ಶೀರ್ಷಿಕೆಯಲ್ಲಿ ನಿಮ್ಮ ಹೆಸರಿನ ಕಾಗುಣಿತವೂ ಇನಿಷಿಯಲ್ಲೂ ಒಂದೇ ರೀತಿ ಇರಲಿ, ಇಲ್ಲದಿದ್ದರೆ ಹುಡುಕುವವರಿಗೆ ನೀವು ಇಬ್ಬರು ಲೇಖಕರಾಗಿ ಕಾಣುತ್ತೀರಿ.

ಉತ್ತರ 3 – ತರಬೇತುದಾರ

ಒಂದು ಸಣ್ಣ ತಕರಾರು. ಜಾಲತಾಣ ಪೂರ್ತಿಯಾಗಲೆಂದು ಕಾಯುತ್ತಾ ಕುಳಿತ ಸ್ನೇಹಿತರೊಬ್ಬರು ಬಣ್ಣ, ಅಕ್ಷರವಿನ್ಯಾಸಗಳಲ್ಲೇ ಒಂದು ವರ್ಷ ಕಳೆದರು. ನಿಮ್ಮ ವಿಷಯ ಸಂಸ್ಥೆಗಳಿಗೆ ಸಂಬಂಧಿಸಿದ್ದರಿಂದ ಲಿಂಕ್ಡ್‌ಇನ್ ಪುಟವನ್ನು ಈ ವಾರವೇ ಸರಿಪಡಿಸಿ, ಉಳಿದದ್ದು ಆಮೇಲೆ. ಇನ್‌ಸ್ಟಾಗ್ರಾಂ ಅನ್ನು ಸದ್ಯಕ್ಕೆ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಡೊಮೇನ್ ಕೊಂಡೆ, ನವೀಕರಣದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿದೆ. ಮುಂದಿನ ವಾರದ ಉಪನ್ಯಾಸವನ್ನು ಚಿತ್ರೀಕರಿಸಲು ಅನುಮತಿ ಕೇಳಿದ್ದಕ್ಕೆ, ಸಭಿಕರ ಮುಖ ಕಾಣದಂತೆ ಕ್ಯಾಮೆರಾ ಇಡುವುದಾದರೆ ಆಗಬಹುದು ಎಂದಿದ್ದಾರೆ. ನಿರೂಪಕರಿಗಾಗಿ ಬರೆದ ಪರಿಚಯವನ್ನು ಗಟ್ಟಿಯಾಗಿ ಓದಿದೆ: ಎರಡು ನಿಮಿಷ ಹತ್ತು ಸೆಕೆಂಡ್. ಕತ್ತರಿಸುತ್ತಿದ್ದೇನೆ.